ಮೊದಲು ಮಗುವಿಗೆ ಹೇಳಿ, ಆಮೇಲೆ ಪೆಟ್ಟಿಗೆ ಕಟ್ಟಿ

ಪರದೇಶಕ್ಕೆ ಹೊರಟವರ ಮನೆಯಲ್ಲಿ ತಿಂಗಳಿಗೆ ಮೊದಲೇ ಗಡಿಬಿಡಿ ಶುರುವಾಗುತ್ತದೆ. ಸಾರಿನ ಪುಡಿ ಹುರಿದು ಕುಟ್ಟಿಸುವುದು, ಹಪ್ಪಳ ಮುರಿಯದಂತೆ ಸೀರೆಗಳ ನಡುವೆ ಇಡುವುದು, ಪೆಟ್ಟಿಗೆ 23 ಕಿಲೊ ದಾಟಿತೆಂದು ಬಿಚ್ಚಿ ಮತ್ತೆ ಕಟ್ಟುವುದು, ಯಾರಿಗೆ ಯಾವ ಉಡುಗೊರೆ ಎಂದು ಪಟ್ಟಿ ಮಾಡುವುದು. ಪಾಸ್‌ಪೋರ್ಟು, ವೀಸಾ, ವಿಮೆ ಎಲ್ಲಕ್ಕೂ ಒಂದೊಂದು ಲಕೋಟೆ. ಇಷ್ಟೆಲ್ಲ ನಡೆಯುವಾಗ ಮನೆಯ ಮೂರು ವರ್ಷದ ಮಗು ಅದೇ ಪೆಟ್ಟಿಗೆಯೊಳಗೆ ಹತ್ತಿ ಕೂತು ಆಡುತ್ತಿರುತ್ತದೆ. ಅದಕ್ಕೆ ಯಾರೂ ಏನನ್ನೂ ಹೇಳಿರುವುದಿಲ್ಲ. "ವಿಮಾನದಲ್ಲಿ ಝುಂಯ್ ಅಂತ ಹೋಗೋಣ" ಎಂಬ ಒಂದು ಮಾತು ಕಿವಿಗೆ ಬಿದ್ದಿದ್ದರೆ ಅದೇ ಹೆಚ್ಚು.

ಆ ಮಗುವೂ ಪ್ರಯಾಣಿಕನೇ. ಎಲ್ಲರಿಗಿಂತ ಹೆಚ್ಚು ಕಷ್ಟಪಡುವ ಪ್ರಯಾಣಿಕ. ದೊಡ್ಡವರಿಗೆ ಕಿವಿ ಏಕೆ ಕಟ್ಟಿತು, ದೀಪ ಏಕೆ ಆರಿಸಿದರು, ಇನ್ನೆಷ್ಟು ಹೊತ್ತು ಎಂಬುದೆಲ್ಲ ಗೊತ್ತಿರುತ್ತದೆ. ಮಗುವಿಗೆ ಗೊತ್ತಿರುವುದು ತನ್ನ ಹಾಸಿಗೆ ಇಲ್ಲ, ಓಡಾಡಲು ಜಾಗ ಇಲ್ಲ, ಅಮ್ಮನ ಮುಖದಲ್ಲೂ ಆತಂಕವಿದೆ ಎಂಬುದಷ್ಟೇ. ವಿಮಾನದಲ್ಲಿ ಮಕ್ಕಳು ಮಾಡುವ ರಂಪದ ದೊಡ್ಡ ಪಾಲು ಹಟದಿಂದ ಹುಟ್ಟಿದ್ದಲ್ಲ, ಏನಾಗುತ್ತಿದೆ ಎಂದು ತಿಳಿಯದ ದಿಗಿಲಿನಿಂದ ಹುಟ್ಟಿದ್ದು. ಆದ್ದರಿಂದ ಸಿದ್ಧತೆಯ ಮೊದಲ ಕೆಲಸ ಮಗುವನ್ನು ಕೂರಿಸಿಕೊಂಡು ನಡೆಯಲಿರುವುದನ್ನು ನಡೆಯುವ ಹಾಗೆಯೇ ಹೇಳುವುದು. ಉಳಿದದ್ದೆಲ್ಲ ಅದರ ನಂತರ.

ಪಯಣ ಎಷ್ಟು ದೊಡ್ಡದೆಂದು ಮೊದಲು ನಾವೇ ಸರಿಯಾಗಿ ಲೆಕ್ಕ ಹಾಕಬೇಕು. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ಎಲ್ಲೂ ಇಳಿಯದ ಏರ್ ಇಂಡಿಯಾ ಹಾರಾಟ 2021ರ ಜನವರಿಯಲ್ಲಿ ಶುರುವಾದಾಗ ದೊಡ್ಡ ಸುದ್ದಿಯಾಗಿತ್ತು. ಮೊದಲ ಹಾರಾಟವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ನಡೆಸಿ ತಂದಿದ್ದರು. ಸುಮಾರು 14,000 ಕಿಲೋಮೀಟರ್, ಹದಿನೇಳು ಗಂಟೆಯ ಆಸುಪಾಸು. ಆದರೆ ನಮ್ಮ ಹೆಚ್ಚಿನ ಕುಟುಂಬಗಳು ಹೋಗುವುದು ದುಬೈ, ದೋಹಾ, ಫ್ರಾಂಕ್‌ಫರ್ಟ್, ಲಂಡನ್ ಹೀಗೆ ಎಲ್ಲಾದರೂ ಇಳಿದು ಹತ್ತಿ. ಬೆಂಗಳೂರಿನಿಂದ ದೂರದ ದೇಶಗಳಿಗೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ಹೊರಡುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಮೈಸೂರು, ಹಾಸನ, ಶಿವಮೊಗ್ಗದಿಂದ ಬರುವವರು ಮಧ್ಯಾಹ್ನವೇ ಮನೆ ಬಿಟ್ಟಿರುತ್ತಾರೆ. ದೇವನಹಳ್ಳಿ ತಲುಪಿ ಸಾಲುಗಳಲ್ಲಿ ನಿಂತು ವಿಮಾನದ ಬಾಗಿಲಿಗೆ ಬರುವ ಹೊತ್ತಿಗೇ ಮಗು ಎಂಟು ಹತ್ತು ಗಂಟೆ ದಾರಿಯಲ್ಲಿ ಕಳೆದಿರುತ್ತದೆ, ಅಷ್ಟೂ ಹೊತ್ತು ಅದಕ್ಕೆ ಸರಿಯಾದ ನಿದ್ದೆಯಿಲ್ಲ. ಟಿಕೆಟಿನಲ್ಲಿ ಬರೆದ ಗಂಟೆಗಳು ನಮ್ಮ ಲೆಕ್ಕಕ್ಕೆ. ಮಗುವಿನ ಪಯಣ ಮನೆಯ ಹೊಸ್ತಿಲು ದಾಟಿದ ಕ್ಷಣದಿಂದ ಶುರುವಾಗುತ್ತದೆ. ಹಗಲಲ್ಲಿ ಒಂದು ಒಳ್ಳೆಯ ನಿದ್ದೆ ಮಾಡಿಸಿ, ಮನೆಯಲ್ಲೇ ಊಟ ಮಾಡಿಸಿ ಹೊರಡುವುದು, ಇಳಿದು ಹತ್ತುವ ಊರಿನಲ್ಲಿ ಒಂದೂವರೆ ಗಂಟೆಯ ಓಟದ ಬದಲು ಮೂರು ನಾಲ್ಕು ಗಂಟೆಯ ಬಿಡುವು ಇರುವ ಟಿಕೆಟ್ ಕೊಳ್ಳುವುದು, ಇವೆರಡರಿಂದ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಆ ಬಿಡುವಿನಲ್ಲಿ ಮಗು ಓಡಾಡಲಿ, ಕೈಕಾಲು ಆಡಿಸಲಿ.

ಮಗುವಿಗೆ ಹೇಳುವುದು ಹೇಗೆ? ಕಥೆಯಾಗಿ ಹೇಳಬೇಕು, ಆದರೆ ಕಟ್ಟುಕಥೆಯಾಗಿ ಅಲ್ಲ. ಹೊರಡುವುದಕ್ಕೆ ಒಂದು ವಾರ ಮೊದಲಿನಿಂದ ದಿನಾ ರಾತ್ರಿ ಮಲಗುವಾಗ ಅದೇ ಕಥೆ: ನಾವು ಕಾರು ಹತ್ತುತ್ತೇವೆ, ದೊಡ್ಡ ಕಟ್ಟಡಕ್ಕೆ ಹೋಗುತ್ತೇವೆ, ನಮ್ಮ ಪೆಟ್ಟಿಗೆ ಓಡುವ ಪಟ್ಟಿಯ ಮೇಲೆ ಕೂತು ನಮಗಿಂತ ಮೊದಲು ಹೋಗುತ್ತದೆ, ನಿನ್ನ ಕರಡಿಬೊಂಬೆ ಒಂದು ಗವಿಯೊಳಗೆ ಹೋಗಿ ಆ ಕಡೆಯಿಂದ ಬರುತ್ತದೆ. ಈ ಕೊನೆಯದನ್ನು ಹೇಳದೆ ಇರಬೇಡಿ. ತಪಾಸಣೆಯಲ್ಲಿ ಮಗುವಿನ ಕೈಯಿಂದ ಬೊಂಬೆ ತೆಗೆದು ಎಕ್ಸ್‌ರೇ ಯಂತ್ರಕ್ಕೆ ಹಾಕಲೇಬೇಕು, ತಳ್ಳುಗಾಡಿಯಿಂದ ಮಗುವನ್ನು ಎತ್ತಲೇಬೇಕು. ಮೊದಲೇ ಗೊತ್ತಿದ್ದ ಮಗು ಯಂತ್ರದ ಆ ಬದಿಗೆ ಹೋಗಿ ಬೊಂಬೆ ಬರುವುದನ್ನು ಕಾಯುತ್ತದೆ. ಗೊತ್ತಿಲ್ಲದ ಮಗುವಿಗೆ ಯಾರೋ ತನ್ನ ಬೊಂಬೆಯನ್ನು ಕಿತ್ತುಕೊಂಡ ಹಾಗೆ. ಅಂದ ಹಾಗೆ, ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ಕಡಗ ಹಾಕಿದ ಕಂದಮ್ಮಗಳು ಲೋಹಶೋಧಕದ ಬಾಗಿಲಲ್ಲಿ ಕಿಂಯ್ ಅನ್ನಿಸುವುದುಂಟು. ಪಯಣದ ದಿನಕ್ಕೆ ಅವನ್ನು ಬಿಚ್ಚಿ ಅಜ್ಜಿಯ ಕೈಗೆ ಕೊಡುವುದು ಒಳ್ಳೆಯದು.

ಊಟದ ಮನೆಯ ಕುರ್ಚಿಗಳನ್ನು ಎರಡು ಸಾಲಾಗಿ ಜೋಡಿಸಿ ಮನೆಯಲ್ಲೇ ವಿಮಾನದ ಆಟ ಆಡಬಹುದು. ಅಜ್ಜ ಪೈಲಟ್, ಅಕ್ಕ ಗಗನಸಖಿ, ದುಪಟ್ಟಾ ಸೀಟುಪಟ್ಟಿ. ದೀಪ ಆರಿಸಿ, ತಟ್ಟೆಯಲ್ಲಿ ಪುಟ್ಟ ಊಟ ತಂದುಕೊಡಿ. "ಈಗ ಪಟ್ಟಿ ಕಟ್ಟುವ ದೀಪ ಹತ್ತಿತು" ಎಂದರೆ ಎಲ್ಲರೂ ಕೂರಬೇಕು. ಎರಡು ದಿನ ಆಡಿದರೆ ಸೀಟುಪಟ್ಟಿ ಕಟ್ಟುವುದು ಶಿಕ್ಷೆಯಲ್ಲ, ಆಟದ ಒಂದು ನಿಯಮ ಎಂದು ಮಗುವಿಗೆ ಮನದಟ್ಟಾಗುತ್ತದೆ. ವಿಮಾನದ ಶೌಚಾಲಯದ ಸದ್ದನ್ನೂ ಆಟದಲ್ಲಿ ಸೇರಿಸಿ. ಅಲ್ಲಿ ನೀರು ಹರಿಯುವುದಿಲ್ಲ, ಗಾಳಿಯ ಸೆಳೆತಕ್ಕೆ ಒಮ್ಮೆಲೇ ಭುಸ್ಸೆಂದು ಹೀರಿಕೊಳ್ಳುತ್ತದೆ. ಆ ಸದ್ದಿಗೆ ಹೆದರಿ ಆಮೇಲೆ ಇಡೀ ದಾರಿ ಮೂತ್ರ ಕಟ್ಟಿಕೊಂಡು ಕೂರುವ ಮಕ್ಕಳಿದ್ದಾರೆ. ಮಗು ಹೊರಗೆ ಬಂದ ಮೇಲೆ ಗುಂಡಿ ಒತ್ತಿದರೆ ಸಾಕು.

ಸಮಯವನ್ನು ಗಂಟೆಗಳಲ್ಲಿ ಹೇಳಿ ಪ್ರಯೋಜನವಿಲ್ಲ. ನಾಲ್ಕು ವರ್ಷದ ಮಗುವಿಗೆ ಹದಿನಾಲ್ಕು ಗಂಟೆಯೂ ಒಂದೇ, ನಾಲ್ಕು ಗಂಟೆಯೂ ಒಂದೇ. ಮೊದಲು ಒಂದು ಊಟ, ಆಮೇಲೆ ಒಂದು ನಿದ್ದೆ, ಆಮೇಲೆ ಮೂರು ಕಥೆ, ಇನ್ನೊಂದು ತಿಂಡಿ, ಅಷ್ಟಾದರೆ ಇಳಿಯುವುದು ಎಂದು ಹೇಳಿ. ಕಾಗದದ ಮೇಲೆ ಅದನ್ನೇ ಚಿತ್ರವಾಗಿ ಬರೆದುಕೊಟ್ಟರೆ ಒಂದೊಂದು ಮುಗಿದಾಗಲೂ ಮಗುವೇ ಗೀಟು ಹಾಕುತ್ತದೆ.

ಒಂದು ಮಾತನ್ನು ಮಾತ್ರ ಆಡಲೇಬಾರದು. ಅದು ನಮ್ಮ ಮನೆಗಳಲ್ಲಿ ಸುಲಭವಾಗಿ ಬಾಯಿಗೆ ಬರುವ "ಪೊಲೀಸ್ ಹಿಡ್ಕೊಂಡು ಹೋಗ್ತಾನೆ ನೋಡು" ಎಂಬ ಬೆದರಿಕೆ. ವಿಮಾನ ನಿಲ್ದಾಣದ ಬಾಗಿಲಲ್ಲೇ ಸಿಐಎಸ್‌ಎಫ್ ಯೋಧರು ಬಂದೂಕು ಹಿಡಿದು ನಿಂತಿರುತ್ತಾರೆ. ಒಳಗೆ ಮಗುವಿನ ಮೈ ಸವರಿ ತಪಾಸಣೆ ಮಾಡುವವರೂ ಖಾಕಿಯವರೇ. ವರ್ಷವೆಲ್ಲ ಪೊಲೀಸರ ಹೆಸರಲ್ಲಿ ಊಟ ಮಾಡಿಸಿದ ಮಗು ಅವರನ್ನು ಕಂಡಾಗ ಚೀರಿದರೆ ತಪ್ಪು ಮಗುವಿನದಲ್ಲ. ಅವರು ನಮ್ಮನ್ನು ಕಾಯುವವರು, ಒಂದು ಕಡ್ಡಿಯನ್ನು ಮೈ ಹತ್ತಿರ ಆಡಿಸುತ್ತಾರೆ, ಸ್ವಲ್ಪ ಕಚಗುಳಿಯಾಗಬಹುದು ಎಂದು ನಿಜವನ್ನೇ ಹೇಳಿ. ಕಿವಿ ನೋಯಬಹುದು ಎಂಬುದನ್ನೂ ಮುಚ್ಚಿಡಬೇಡಿ. "ಏನೂ ಆಗಲ್ಲ" ಎಂದು ಹೇಳಿಸಿಕೊಂಡ ಮಗು ನೋವಾದ ಕ್ಷಣಕ್ಕೆ ನಮ್ಮ ಮುಂದಿನ ಮಾತುಗಳನ್ನೂ ನಂಬುವುದಿಲ್ಲ.

ಈ ಕಿವಿಯ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಚಾರ್ಮಾಡಿ ಘಾಟಿಯನ್ನೋ ಆಗುಂಬೆಯನ್ನೋ ಬಸ್ಸಿನಲ್ಲಿ ಇಳಿದವರಿಗೆಲ್ಲ ಕಿವಿ ಗವ್ವೆಂದು ಕಟ್ಟಿ, ಎಂಜಲು ನುಂಗಿದಾಗ ಟಕ್ಕೆಂದು ಬಿಡುವ ಅನುಭವ ಇದ್ದೇ ಇದೆ. ವಿಮಾನದಲ್ಲಿ ಆಗುವುದೂ ಅದೇ. ವಿಮಾನ 35,000 ಅಡಿ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇಟ್ಟಿರುತ್ತಾರೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಿಂದ ಊಟಿಗಿಂತ ತುಸು ಮೇಲಿನವರೆಗೆ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ. ಅಲ್ಲಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ನಾಳ. ಮೇಲೇರುವಾಗ ಹೊರಗಿನ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗಿ ನಾಳದ ಮೂಲಕ ತಾನೇ ಹೊರಬರುತ್ತದೆ. ಕಷ್ಟ ಇಳಿಯುವಾಗ. ಹೊರಗಿನ ಒತ್ತಡ ಏರಿ ತಮಟೆಯನ್ನು ಒಳಗೆ ತಳ್ಳುತ್ತದೆ, ನಾಳವೋ ಮುಚ್ಚಿಕೊಂಡಿರುತ್ತದೆ, ತಾನಾಗಿ ತೆರೆಯುವುದಿಲ್ಲ. ನುಂಗಿದಾಗ, ಆಕಳಿಸಿದಾಗ, ಅಗಿದಾಗ ಅಲ್ಲಿನ ಸ್ನಾಯು ಎಳೆದು ತೆರೆಯಬೇಕು. ಚಿಕ್ಕ ಮಕ್ಕಳಲ್ಲಿ ಈ ನಾಳ ಸಪೂರ, ಗಿಡ್ಡ, ಹೆಚ್ಚು ಅಡ್ಡಡ್ಡಲಾಗಿರುತ್ತದೆ. ನೆಗಡಿಯಾಗಿದ್ದರೆ ಒಳಪದರ ಊದಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಇಳಿಯುವ ಹೊತ್ತಿಗೆ ಇಡೀ ವಿಮಾನದ ಕೂಸುಗಳು ಒಟ್ಟಿಗೆ ಅಳುವುದು ಈ ಕಾರಣಕ್ಕೆ.

ಹಾಗಾದರೆ ಮಾಡಬೇಕಾದ್ದೇನು? ನೆಲ ಮುಟ್ಟುವ ಮೊದಲಿನ ಅರ್ಧ ಗಂಟೆ ಮಗು ಎಚ್ಚರವಾಗಿರಬೇಕು, ಏನನ್ನಾದರೂ ನುಂಗುತ್ತಿರಬೇಕು. ನಿದ್ದೆಯಲ್ಲಿ ಮಕ್ಕಳು ನುಂಗುವುದು ಬಹಳ ಕಡಿಮೆ. ಪಾಪ ಮಲಗಿದೆ, ಮಲಗಿರಲಿ ಎಂದು ಬಿಟ್ಟರೆ ಮಗು ನೋವಿನಿಂದಲೇ ಎದ್ದು ಕೂಗುತ್ತದೆ. ಎದೆಹಾಲು ಕುಡಿಯುವ ಕೂಸಿಗೆ ಆ ಹೊತ್ತಿಗೆ ಹಾಲೂಡಿಸಿ, ಅದಕ್ಕಿಂತ ಒಂದು ಗಂಟೆ ಮೊದಲು ಊಡಿಸಬೇಡಿ. ಬಾಟಲಿಯ ಮಗುವಿಗೆ ಬಾಟಲಿ, ಆದರೆ ಪೂರ್ತಿ ಮಲಗಿಸಿ ಕುಡಿಸದೆ ತಲೆ ಎತ್ತಿ ಹಿಡಿದುಕೊಳ್ಳಿ. ದೊಡ್ಡ ಮಗುವಿಗೆ ಸ್ಟ್ರಾ ಹಾಕಿದ ನೀರು. ಗಟ್ಟಿ ಪೆಪ್ಪರಮೆಂಟು ಐದು ವರ್ಷ ದಾಟಿದ ಮೇಲೆ, ಚಿಕ್ಕವರ ಗಂಟಲಿಗೆ ಅದು ಸಿಕ್ಕಿಕೊಳ್ಳುವ ಭಯವಿದೆ. ಅಳು ಬಂದರೆ ಅಳಲಿ, ಅಳುವಾಗ ಬಾಯಿ ತೆರೆದು ನುಂಗುವುದರಿಂದಲೂ ಕಿವಿ ಬಿಡುತ್ತದೆ. ಹೊರಡುವ ಎರಡು ವಾರ ಮೊದಲು ಮಕ್ಕಳ ವೈದ್ಯರಿಗೆ ಒಮ್ಮೆ ಕಿವಿ, ಮೂಗು ತೋರಿಸುವುದು ಯಾವ ಶಾಪಿಂಗಿಗಿಂತಲೂ ಮುಖ್ಯ. ಕಿವಿಯಲ್ಲಿ ಸೋಂಕಿದ್ದರೆ ದಿನ ಮುಂದೂಡಬೇಕೋ ಬೇಡವೋ ಎಂದು ಅವರೇ ಹೇಳಲಿ. ಲಸಿಕೆಯ ಮಾತನ್ನೂ ಅಲ್ಲೇ ಮುಗಿಸಿ. ಆರರಿಂದ ಹನ್ನೊಂದು ತಿಂಗಳ ಕೂಸು ಹೊರದೇಶಕ್ಕೆ ಹೊರಟರೆ ದಡಾರದ ಒಂದು ಡೋಸನ್ನು ಮುಂಚಿತವಾಗಿ ಹಾಕಿಸಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ.

ವೈದ್ಯರ ಬಳಿ ಹೋದಾಗ ಕೆಲವರು ತಗ್ಗಿದ ದನಿಯಲ್ಲಿ ಇನ್ನೊಂದನ್ನು ಕೇಳುತ್ತಾರೆ, ನಿದ್ದೆ ಬರಿಸುವ ಸಿರಪ್. ಕೆಲವರು ಕೇಳದೆಯೇ ಔಷಧ ಅಂಗಡಿಯಿಂದ ಕೊಂಡು ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ನೆಗಡಿ, ಅಲರ್ಜಿಗೆ ಕೊಡುವ ಈ ಔಷಧಗಳಿಂದ ಮಂಪರು ಬರುತ್ತದೆ ಎಂಬುದು ನಿಜ. ಕೆಲವು ಮಕ್ಕಳಲ್ಲಿ ಅದೇ ಔಷಧ ತಿರುಗುಮುರುಗಾಗಿ ಕೆಲಸ ಮಾಡಿ, ಮಲಗುವ ಬದಲು ಮಗು ಕೆರಳಿ ಕುಣಿಯುತ್ತದೆ ಎಂಬುದೂ ಅಷ್ಟೇ ನಿಜ. ಅದಕ್ಕಿಂತ ಭಯದ ಸಂಗತಿ ಉಸಿರಾಟದ್ದು. ಪ್ರೊಮೆಥಾಜಿನ್ ಎಂಬ ಔಷಧವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಕೂಡದು, ಉಸಿರು ಕುಗ್ಗಿ ಪ್ರಾಣಕ್ಕೆ ಅಪಾಯವಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಔಷಧದ ಮಾಹಿತಿಪತ್ರದಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದೆ. ನಮ್ಮಲ್ಲೂ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ತಿಳಿಸಿದರು. ಬೆಟ್ಟದೆತ್ತರದ ತೆಳುಗಾಳಿಯಲ್ಲಿ, ಆಸ್ಪತ್ರೆ ಗಂಟೆಗಟ್ಟಲೆ ದೂರವಿರುವಾಗ ಈ ಪ್ರಯೋಗಕ್ಕೆ ಕೈ ಹಾಕುವುದು ತಪ್ಪು. ಪಕ್ಕದ ಸೀಟಿನವರ ಮುಜುಗರಕ್ಕೆ ಹೆದರಿ ಮಗುವಿಗೆ ಮದ್ದು ಕುಡಿಸಬೇಡಿ. ಬಸ್ಸು, ಕಾರಿನಲ್ಲಿ ವಾಂತಿ ಮಾಡುವ ಮಗುವಿಗೆ ಔಷಧ ಬೇಕೆನಿಸಿದರೆ ಅದನ್ನೂ ವೈದ್ಯರೇ ಬರೆದುಕೊಡಲಿ.

ಇನ್ನು ಕೂರುವ ಜಾಗ. ಎರಡು ವರ್ಷ ತುಂಬದ ಮಗುವಿಗೆ ಬೇರೆ ಸೀಟು ಕೊಳ್ಳಬೇಕಾಗಿಲ್ಲ, ತೊಡೆಯ ಮೇಲೆ ಕೂರಿಸಿಕೊಳ್ಳಬಹುದು ಎಂಬುದು ಜಗತ್ತಿನ ಹೆಚ್ಚಿನ ವಿಮಾನ ಸಂಸ್ಥೆಗಳ ನಿಯಮ. ಹೋಗುವಾಗ ಎರಡು ತುಂಬದೆ, ಬರುವಾಗ ತುಂಬಿದ್ದರೆ ವಾಪಸು ಪಯಣಕ್ಕೆ ಸೀಟು ಬೇಕು ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ನೆನಪಿಡಿ. ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಬೇಕಿದ್ದರೆ ಆ ಸಾಲಿನ ಸೀಟುಗಳು ಕೆಲವೇ ಇರುವುದರಿಂದ ಟಿಕೆಟ್ ಆದ ದಿನವೇ ಕೇಳಿಕೊಳ್ಳಬೇಕು. ಹೆಚ್ಚಿನವುಗಳ ಮಿತಿ ಹತ್ತು ಹನ್ನೊಂದು ಕಿಲೊ ಆಸುಪಾಸು, ಒಂದೊಂದು ಸಂಸ್ಥೆಯದು ಒಂದೊಂದು. ವಿಮಾನ ಕುಲುಕಿ ಸೀಟುಪಟ್ಟಿಯ ದೀಪ ಹತ್ತಿದಾಗಲೆಲ್ಲ ಮಲಗಿದ ಕೂಸನ್ನು ಎತ್ತಿಕೊಳ್ಳಬೇಕು, ಅದು ಎಷ್ಟೇ ಚೆನ್ನಾಗಿ ನಿದ್ದೆ ಹೋಗಿದ್ದರೂ.

ತೊಡೆಯ ಮೇಲಿನ ಮಗುವಿನ ಬಗ್ಗೆ ಮಾತಾಡುವಾಗ 1989ರ ಜುಲೈ 19ನ್ನು ಬಿಟ್ಟು ಮುಂದೆ ಹೋಗಲಾಗದು. ಅಂದು ಡೆನ್ವರಿನಿಂದ ಶಿಕಾಗೊಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸಿನ 232ನೇ ಹಾರಾಟದ ಬಾಲದ ಎಂಜಿನ್ ಸಿಡಿದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆಯೆಲ್ಲ ನಾಶವಾಯಿತು. ಪೈಲಟ್‌ಗಳು ಉಳಿದ ಎರಡು ಎಂಜಿನ್‌ಗಳ ವೇಗ ಹೆಚ್ಚು ಕಡಿಮೆ ಮಾಡುತ್ತಾ ಅಯೋವಾದ ಸೂ ಸಿಟಿಯಲ್ಲಿ ಇಳಿಸಲು ನೋಡಿದರು. ವಿಮಾನ ನೆಲಕ್ಕಪ್ಪಳಿಸಿ ಹೊತ್ತಿಕೊಂಡಿತು. 296 ಮಂದಿಯಲ್ಲಿ 184 ಮಂದಿ ಬದುಕುಳಿದರು. ಆ ವಿಮಾನದಲ್ಲಿ ಸೀಟಿಲ್ಲದ ನಾಲ್ಕು ಕಂದಮ್ಮಗಳಿದ್ದವು. ಗಗನಸಖಿಯರ ಮುಖ್ಯಸ್ಥೆ ಜ್ಯಾನ್ ಬ್ರೌನ್ ಅಂದಿನ ಕೈಪಿಡಿಯಲ್ಲಿ ಇದ್ದಂತೆಯೇ, ಮಕ್ಕಳನ್ನು ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಎಂದು ತಂದೆತಾಯಿಗೆ ಹೇಳಿದ್ದರು. ಆ ರಭಸದಲ್ಲಿ ಯಾವ ಕೈಯೂ ಹಿಡಿದಿಟ್ಟುಕೊಳ್ಳಲಾರದು. ಒಂದು ಮಗು ಉಳಿಯಲಿಲ್ಲ. ಹೊಗೆಯ ನಡುವೆ ಮಗನನ್ನು ಹುಡುಕಲು ಮತ್ತೆ ಒಳಗೆ ನುಗ್ಗುತ್ತಿದ್ದ ತಾಯಿಯನ್ನು ಎದುರುಗೊಂಡವರು ಬ್ರೌನ್ ಅವರೇ. ಪ್ರತಿ ಮಗುವಿಗೂ ಸೀಟು, ಕಟ್ಟುಪಟ್ಟಿ ಇರಲೇಬೇಕೆಂದು ಅಂದಿನಿಂದ ಅವರು ವರ್ಷಗಟ್ಟಲೆ ಹೋರಾಡಿದರು. ಕಡ್ಡಾಯ ಮಾಡಿದರೆ ಟಿಕೆಟಿನ ಖರ್ಚಿಗೆ ಅಂಜಿ ಜನ ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಸಾವಾಗುತ್ತದೆ ಎಂಬ ಕಾರಣ ಕೊಟ್ಟು ಅಮೆರಿಕದ ವಿಮಾನಯಾನ ಆಡಳಿತ 2005ರಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು. ಆದರೂ ಮಗುವಿಗೆ ಅತ್ಯಂತ ಸುರಕ್ಷಿತ ಜಾಗ ತೊಡೆಯಲ್ಲ, ಅದರದೇ ಆಸನ ಎಂದು ಅದೇ ಸಂಸ್ಥೆ ಇಂದಿಗೂ ಹೇಳುತ್ತಿದೆ.

ಕಾರಿನ ವಾದ ಒಳನಾಡಿನ ಸಣ್ಣ ಹಾರಾಟಗಳಿಗೆ ಸರಿಯಿರಬಹುದು. ಸಾಗರ ದಾಟುವ ನಮಗೆ ಅದು ಅನ್ವಯಿಸುವುದಿಲ್ಲ, ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಯಾರೂ ಕಾರಿನಲ್ಲಿ ಹೋಗುವುದಿಲ್ಲವಲ್ಲ. ಕೈಯಲ್ಲಿ ಶಕ್ತಿಯಿದ್ದರೆ ಒಂದೂವರೆ ವರ್ಷದ ಮಗುವಿಗೂ ಒಂದು ಸೀಟು ಕೊಳ್ಳಿ ಎಂಬುದೇ ನನ್ನ ಸಲಹೆ. ವಿಮಾನಕ್ಕೆ ಒಪ್ಪಿಗೆ ಪಡೆದ ಕಾರಿನ ಮಕ್ಕಳ ಸೀಟನ್ನೇ ಅಲ್ಲಿ ಕಟ್ಟಬಹುದು. ಹತ್ತರಿಂದ ಇಪ್ಪತ್ತು ಕಿಲೊ ತೂಗುವ ಮಕ್ಕಳಿಗೆ ಕೇರ್ಸ್ ಎಂಬ, ಚೀಲದಲ್ಲಿ ಮಡಿಸಿಡಬಹುದಾದ ಭುಜಪಟ್ಟಿಯೂ ಸಿಗುತ್ತದೆ. ಎರಡನ್ನೂ ಒಯ್ಯುವ ಮೊದಲು ಸಂಸ್ಥೆಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸೀಟು ಕೊಳ್ಳಲಾಗದವರು ಹೆದರಬೇಕಾಗಿಲ್ಲ, ವಿಮಾನ ಅಪಘಾತ ತೀರ ಅಪರೂಪ. ಆದರೆ ಕುಲುಕಾಟ ಅಪರೂಪವಲ್ಲ. ಪಟ್ಟಿಯ ದೀಪ ಹತ್ತಿದಾಗ ಮಗು ಓಣಿಯಲ್ಲಿ ಓಡುತ್ತಿರಬಾರದು. ಹನ್ನೆರಡು ವರ್ಷದವರೆಗಿನ ಮಕ್ಕಳನ್ನು ಅದೇ ಟಿಕೆಟಿನ ತಂದೆಯ ಅಥವಾ ತಾಯಿಯ ಪಕ್ಕದಲ್ಲೇ ಕೂರಿಸಬೇಕೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ. ಸೀಟುಗಳು ಚದುರಿದ್ದರೆ ಕೌಂಟರಿನಲ್ಲೇ ಕೇಳಿ. ಆಮ್ಲಜನಕದ ಮುಖವಾಡ ಕೆಳಗಿಳಿದರೆ ಮೊದಲು ನೀವು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಿ ಎನ್ನುವ ಸೂಚನೆ ತಾಯಂದಿರಿಗೆ ಒಪ್ಪಿಗೆಯಾಗುವುದು ಕಷ್ಟ. ಆ ಎತ್ತರದಲ್ಲಿ ಒತ್ತಡ ಹೋದರೆ ಬುದ್ಧಿ ನೆಟ್ಟಗಿರುವುದು ಒಂದು ನಿಮಿಷಕ್ಕೂ ಕಡಿಮೆ. ತಾಯಿ ಕುಸಿದರೆ ಮಗುವಿಗೆ ಹಾಕುವವರಿಲ್ಲ.

ಊಟದ ಬಗ್ಗೆ ನಮ್ಮ ಅಜ್ಜಿಯರ ಕಾಳಜಿ ಸರಿಯಾದದ್ದೇ. ಮಕ್ಕಳ ಊಟ, ಕೂಸುಗಳ ಊಟ ಎಂದು ಎರಡು ದಿನ ಮೊದಲೇ ಹೇಳಿದರೆ ಸಂಸ್ಥೆಯವರು ಕೊಡುತ್ತಾರೆ, ಅದನ್ನು ದೊಡ್ಡವರಿಗಿಂತ ಮೊದಲೇ ತಂದೂ ಕೊಡುತ್ತಾರೆ. ಆದರೆ ಅಪರಿಚಿತ ಜಾಗದಲ್ಲಿ ಅಪರಿಚಿತ ಊಟವನ್ನು ಮಗು ಮುಟ್ಟುವ ಭರವಸೆಯಿಲ್ಲ. ಮನೆಯ ರುಚಿ ಜೊತೆಗಿರಲಿ. ತುಪ್ಪ ಸಕ್ಕರೆ ಸವರಿ ಸುರುಳಿ ಸುತ್ತಿದ ಚಪಾತಿ, ಪುಟ್ಟ ಇಡ್ಲಿ, ಒಗ್ಗರಣೆ ಮಂಡಕ್ಕಿ, ಕೋಡುಬಳೆ. ಮೊಸರನ್ನ ಮೊದಲ ನಾಲ್ಕೈದು ಗಂಟೆಗೆ ಸರಿ, ಅದಾದ ಮೇಲೆ ಬೇಡ. ಹುರಿದ ರಾಗಿ ಹಿಟ್ಟನ್ನು ಪುಡಿಯಾಗಿ ಒಯ್ದರೆ ವಿಮಾನದಲ್ಲಿ ಬಿಸಿನೀರು ಕೇಳಿ ಕಲಸಬಹುದು. ದ್ರವ 100 ಮಿಲಿಲೀಟರ್ ಮೀರಬಾರದು ಎಂಬ 2006ರಿಂದ ಬಂದ ನಿಯಮದಲ್ಲಿ ಕೂಸಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟು ವಿನಾಯಿತಿ ಇದೆ. ತಪಾಸಣೆಯವರಿಗೆ ಮೊದಲೇ ತೆಗೆದು ತೋರಿಸಿ. ಒಳಗಿನ ಗಾಳಿ ಬೇಸಿಗೆಯ ಕಲಬುರಗಿಯ ಗಾಳಿಗಿಂತಲೂ ಒಣ, ತೇವಾಂಶ ಶೇ 20ಕ್ಕಿಂತ ಕಡಿಮೆ, ಆದ್ದರಿಂದ ಗುಟುಕು ಗುಟುಕಾಗಿ ನೀರು ಕುಡಿಸುತ್ತಿರಬೇಕು. ಅಮೆರಿಕದಲ್ಲಿ ಇಳಿಯುವ ಮೊದಲು ಮಗುವಿನ ಚೀಲದಲ್ಲಿ ಉಳಿದ ಬಾಳೆಹಣ್ಣು, ಕಿತ್ತಳೆ ಖಾಲಿಯಾಗಿರಲಿ. ಹೇಳದೆ ಹಣ್ಣು ಒಯ್ದರೆ ಅಲ್ಲಿ ದಂಡ ಬೀಳುತ್ತದೆ.

ಕಾಗದಪತ್ರಗಳ ಬಗ್ಗೆ ಎರಡೇ ಮಾತು. ಭಾರತದಲ್ಲಿ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿ, ದೊಡ್ಡವರದರಂತೆ ಹತ್ತಲ್ಲ. ಪರದೇಶದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟು ಹೊಂದಿದ ಮಗು ಅಜ್ಜಿ ಮನೆಗೆ ಬರಬೇಕಾದರೆ ಓಸಿಐ ಕಾರ್ಡು ಅಥವಾ ವೀಸಾ ಕೈಯಲ್ಲಿರಬೇಕು. ಮಗುವಿನೊಂದಿಗೆ ತಾಯಿ ಅಥವಾ ತಂದೆ ಒಬ್ಬರೇ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ.

ಆಟದ ಸಾಮಾನು ಹೆಚ್ಚು ಬೇಡ. ಮಗುವಿಗೆ ಹಳೆಯದಾದ ಒಂದು ಪ್ರೀತಿಯ ಬೊಂಬೆ, ಇನ್ನೂ ನೋಡದ ನಾಲ್ಕೈದು ಸಣ್ಣ ವಸ್ತುಗಳು. ಒಂದೊಂದನ್ನೇ ಎರಡು ಗಂಟೆಗೊಮ್ಮೆ ತೆಗೆಯಬೇಕು, ಎಲ್ಲವನ್ನೂ ಮೊದಲ ಅರ್ಧ ಗಂಟೆಯಲ್ಲಿ ಸುರಿದರೆ ಉಳಿದ ದಾರಿ ಬರಿಗೈ. ಅಂಟಿಸಿ ಕೀಳುವ ಚಿತ್ರಗಳು, ಬಣ್ಣದ ಕಡ್ಡಿ, ದಾರಕ್ಕೆ ಪೋಣಿಸುವ ದೊಡ್ಡ ಮಣಿ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮನೆಯಲ್ಲೇ ಇಳಿಸಿಕೊಂಡು ಅಚ್ಚು ಹಾಕಿಸಿ ಒಯ್ದರೆ ವಿಮಾನದಲ್ಲಿ ಅಂತರ್ಜಾಲದ ಹಂಗಿಲ್ಲ. ಒಗಟು, ಪದಬಂಡಿ, ಗೋವಿನ ಹಾಡು ಇವಕ್ಕೆ ತೂಕವೂ ಇಲ್ಲ, ಬ್ಯಾಟರಿಯೂ ಬೇಡ. ಮೊಬೈಲಿನ ವಿಷಯದಲ್ಲಿ ನಾನು ಮನೆಯಷ್ಟು ಕಟ್ಟುನಿಟ್ಟಿನ ಪರ ಅಲ್ಲ. ಆ ಒಂದು ದಿನ ಒಂದಷ್ಟು ಕಾರ್ಟೂನು ನೋಡಿದರೆ ಮಗು ಕೆಡುವುದಿಲ್ಲ. ಆದರೆ ಅದನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಿ, ಮಗುವಿನ ಕಿವಿಗೆ ಹೊಂದುವ ಹೆಡ್‌ಫೋನನ್ನು ವಾರ ಮೊದಲೇ ಅಭ್ಯಾಸ ಮಾಡಿಸಿ. ಬಟ್ಟೆಯ ಬಗ್ಗೆ ಒಂದೇ ಮಾತು, ಮಗುವಿಗೆ ಎರಡು ಜೊತೆ ಇಟ್ಟುಕೊಂಡಂತೆ ತಾಯಿಗೂ ಒಂದು ಜೊತೆ ಕೈಚೀಲದಲ್ಲಿರಲಿ. ಮಗು ವಾಂತಿ ಮಾಡುವುದು ತಾಯಿಯ ಮೈಮೇಲೆಯೇ.

ಇಳಿದ ಮೇಲೆ ಪಯಣ ಮುಗಿಯಿತು ಎಂದುಕೊಳ್ಳುತ್ತೇವೆ. ಮಗುವಿಗೆ ಇನ್ನೂ ಒಂದೆರಡು ವಾರ ಉಳಿದಿರುತ್ತದೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿಯೇ ಅದಲುಬದಲು. ದೇಹದೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ, ದೊಡ್ಡವರಲ್ಲೂ ಅಷ್ಟೇ. ಅದನ್ನು ಸರಿಸುವ ದೊಡ್ಡ ಶಕ್ತಿ ಬೆಳಕು. ಹಗಲು ಮಗುವನ್ನು ಅಂಗಳಕ್ಕೆ, ಬಯಲಿಗೆ ಕರೆದುಕೊಂಡು ಹೋಗಿ, ಅಲ್ಲಿನ ಹೊತ್ತಿಗೆ ಸರಿಯಾಗಿ ಊಟ ಕೊಡಿ, ಮಧ್ಯಾಹ್ನದ ನಿದ್ದೆಯಿಂದ ಒಂದೆರಡು ಗಂಟೆಯಲ್ಲಿ ಎಬ್ಬಿಸಿ. ರಾತ್ರಿ ಎರಡು ಗಂಟೆಗೆ ಎದ್ದು ಹಸಿವು ಎಂದರೆ ಅದು ನಿಜವಾದ ಹಸಿವೇ, ಅದರ ಹೊಟ್ಟೆಗೆ ಅದು ಮಧ್ಯಾಹ್ನ. ಮಂದ ಬೆಳಕಿನಲ್ಲಿ ಸ್ವಲ್ಪ ತಿನ್ನಿಸಿ, ಆಟಕ್ಕೆ ಎಳೆಯದೆ, ಪರದೆ ತೋರಿಸದೆ ಮತ್ತೆ ಮಲಗಿಸಿ. ನಿದ್ದೆ ಮಾತ್ರೆಯಂತೆ ಮಾರುವ ಮೆಲಟೋನಿನ್ ಅನ್ನು ವೈದ್ಯರು ಹೇಳದೆ ಕೊಡಬೇಡಿ.

ಇಲ್ಲಿ ಊರಿನಲ್ಲಿ ಕಾದು ಕುಳಿತ ಅಜ್ಜ ಅಜ್ಜಿಯರಲ್ಲಿ ಒಂದು ಕೋರಿಕೆಯಿದೆ. ವಿಡಿಯೊದಲ್ಲಿ ದಿನಾ ನಗುತ್ತಿದ್ದ ಮೊಮ್ಮಗು ಎದುರು ಬಂದಾಗ ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡರೆ ನೊಂದುಕೊಳ್ಳಬೇಡಿ, ಕೈ ಚಾಚಿ ಎಳೆದುಕೊಳ್ಳಲೂ ಬೇಡಿ. ಅದು ಇಪ್ಪತ್ತೈದು ಗಂಟೆ ದಾರಿಯಲ್ಲಿ ಕಳೆದು ಬಂದಿದೆ, ಎರಡು ದಿನದಲ್ಲಿ ತಾನೇ ಮಡಿಲು ಹತ್ತುತ್ತದೆ. ನೆಂಟರಿಗೆಲ್ಲ ತೋರಿಸುವ ಆಸೆ ಯಾರಿಗಿಲ್ಲ? ಆದರೆ ಬಂದ ಮಾರನೇ ದಿನವೇ ಮನೆದೇವರಿಗೆ, ನಾಮಕರಣಕ್ಕೆ, ನಾಲ್ಕು ಬಳಗದವರ ಮನೆಗೆ ಎಂದು ಹೊರಡಿಸಬೇಡಿ. ಮೊದಲ ನಾಲ್ಕು ದಿನ ಕುದಿಸಿ ಆರಿಸಿದ ನೀರು, ಗಂಜಿ, ಮೆತ್ತಗಿನ ಅನ್ನ, ಮನೆಯ ಅಂಗಳ ಇಷ್ಟೇ ಇರಲಿ, ಓಆರ್‌ಎಸ್ ಪೊಟ್ಟಣವೊಂದು ಮನೆಯಲ್ಲಿರಲಿ. ಆ ವಾರದ ಮದುವೆಗೆ ನೀವಿಬ್ಬರೇ ಹೋಗಿ ಬನ್ನಿ, ಮಗುವನ್ನು ಮಲಗಲು ಬಿಡಿ.